ಕಾದು ಕೇಳಿದ ದನಿ

ಬೆಳಗಾವಿಯಲ್ಲಿ ಗುಜರಿಗೆ ಭಂಗಾರ ಅನ್ನುತ್ತೇವೆ. ಮರಾಠಿಯಿಂದ ಬಂದ ಮಾತು. ಒಂದು ಮಹಾಪ್ರಾಣ ಜಾರಿದರೆ ಬಂಗಾರ. ನಮ್ಮ ಓಣಿಯಲ್ಲಿ ಕೈಗಾಡಿ ತಳ್ಳಿಕೊಂಡು ಕೂಗುತ್ತ ಬರುವವನಿಗೆ ಆ ಮಹಾಪ್ರಾಣದ ಗೊಡವೆಯಿಲ್ಲ, ಅವನ ಬಾಯಲ್ಲಿ ಎರಡೂ ಒಂದೇ. ನನ್ನ ಕಥೆಯೂ ಹಾಗೇ. ಹೆಂಡತಿ ಯಾವುದನ್ನು ಭಂಗಾರ ಅನ್ನುತ್ತಾಳೋ ಅದನ್ನು ನಾನು ಕಪಾಟಿನಲ್ಲಿಟ್ಟು ಬೀಗ ಹಾಕುತ್ತೇನೆ.

ಒಳಗಿರುವುದು ಹಳೇ ರೇಡಿಯೊ ವಾಲ್ವುಗಳು. ಮೊಟ್ಟೆ ಮಾರುವವರ ಟ್ರೇಗಳಲ್ಲಿ, ಒಂದು ಕುಳಿಗೆ ಒಂದರಂತೆ, ಅರಳೆಯ ಹಾಸಿಗೆಯ ಮೇಲೆ ಮಲಗಿವೆ. ಹೆಬ್ಬೆರಳಿನ ಗಾತ್ರದ ಗಾಜು, ಅಡಿಯಲ್ಲಿ ಒಂಬತ್ತು ಸೂಜಿಗಾಲು, ಒಳಗೆ ಯಾರೋ ಅಕ್ಕಸಾಲಿ ಕೂತು ಮಾಡಿದಂಥ ಕಂಬಿ, ತಗಡು, ಜಾಳಿಗೆ. ಇವುಗಳಲ್ಲಿ ನಾಲ್ಕನ್ನು ಒಂದು ಕಬ್ಬಿಣದ ಪೆಟ್ಟಿಗೆಯ ಮೇಲೆ ನಿಲ್ಲಿಸಿ, ಕಿವಿಗೆ ಹೆಡ್‌ಫೋನ್ ಹಚ್ಚಿಕೊಂಡು ಹಾಡು ಕೇಳುವುದು ನನ್ನ ರಾತ್ರಿಯ ಕಸುಬು.

ಈ ಹುಚ್ಚು ಹತ್ತಿಸಿದವರು ಖಡೇಬಜಾರದ ಹಿಂದಿನ ಗಲ್ಲಿಯಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದ ಒಬ್ಬ ಕಾಕಾ. ಕಾಲೇಜು ತಪ್ಪಿಸಿ ಅವರ ಅಂಗಡಿಯ ಸ್ಟೂಲಿನ ಮೇಲೆ ಹೋಗಿ ಕೂರುತ್ತಿದ್ದೆ. ವಾಲ್ವಿಗೆ ಅವರು ‘ವಾಲ್’ ಅನ್ನುತ್ತಿದ್ದರು. ಮೊದಲ ದಿನವೇ ಒಂದನ್ನು ಎತ್ತಿ ಹಿಡಿದು ತುದಿಯ ಬೆಳ್ಳಿ ಮಚ್ಚೆ ತೋರಿಸಿದರು.

“ತಮ್ಮಾ, ಇದು ಕೂಸಿನ ನೆತ್ತಿ ಇದ್ದಂಗ. ಬೆಳ್ಳಿ ಹಂಗ ಹೊಳೀತಂದ್ರ ಜೀವ ಐತಿ. ಬೆಳ್ಳಗ ಸುಣ್ಣದಂಗ ಆತಂದ್ರ ಮುಗೀತು.”

ಆ ಬೆಳ್ಳಿ ಬೇರಿಯಂ ಲೇಪ ಎಂದು ಆಮೇಲೆ ಓದಿ ತಿಳಿದೆ. ಗಾಜಿನೊಳಗೆ ಉಳಿದ ಚೂರುಪಾರು ಗಾಳಿಯನ್ನು ನುಂಗುವುದು ಅದರ ಕೆಲಸ. ಗಾಜು ಸೀಳಿ ಹೊರಗಿನ ಗಾಳಿ ನುಗ್ಗಿದರೆ ನುಂಗಲಾರದೆ ಬಿಳಿಚಿಕೊಳ್ಳುತ್ತದೆ. ಪುಸ್ತಕದಲ್ಲಿ ಕೂಸಿನ ನೆತ್ತಿ ಇರಲಿಲ್ಲ. ನಾನು ಇವತ್ತಿಗೂ ಸಂತೆಯಲ್ಲಿ ವಾಲ್ವು ಕಂಡರೆ ಮೊದಲು ನೋಡುವುದು ನೆತ್ತಿಯನ್ನೇ.

ಕಾಕಾ ಕಲಿಸಿದ ಎರಡನೇ ಪಾಠ, “ಒಂದ ಕೈ ಯಾವಾಗ್ಲೂ ಕಿಸೆದಾಗ ಇರಲಿ.” ವಾಲ್ವಿನ ಯಂತ್ರದೊಳಗೆ 250, 300 ವೋಲ್ಟ್ ಓಡಾಡುತ್ತಿರುತ್ತದೆ, ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರುಗಳು ಅದನ್ನು ಹಿಡಿದಿಟ್ಟುಕೊಂಡಿರುತ್ತವೆ. ಎರಡೂ ಕೈ ತಾಗಿದರೆ ವಿದ್ಯುತ್ತಿನ ದಾರಿ ಎದೆಯ ಮೂಲಕ ಹೋಗುತ್ತದೆ. ಈ ಪಾಠ ಒಮ್ಮೆ ಮರೆತೆ. ಹೇಗೆ ಹೋಗಿ ಟ್ರಂಕಿನ ಮೇಲೆ ಬಿದ್ದೆ ಎಂಬುದು ನೆನಪಿಲ್ಲ, ಎದ್ದಾಗ ಹೆಂಡತಿ ‘ಭಂಗಾರ’ ಎಂಬ ಶಬ್ದವನ್ನು ಮೂರು ಸಲ ಹೇಳಿದ್ದು ಮಾತ್ರ ನೆನಪಿದೆ.

ವಾಲ್ವು ಎಂದರೆ ಕನ್ನಡದಲ್ಲಿ ತೂಬು. ಕೆರೆಯ ತೂಬಿನಂತೆಯೇ ಅದರ ಕೆಲಸ. ನಡುವಿನ ಕೊಳವೆ ಕಾದು ಕೆಂಪಾದಾಗ ಅದರ ಮೈಯಿಂದ ಎಲೆಕ್ಟ್ರಾನುಗಳು ಚಿಮ್ಮುತ್ತವೆ; ಹೊರಗಿನ ತಗಡು ಅವನ್ನು ಸೆಳೆಯುತ್ತದೆ. 1904ರಲ್ಲಿ ಫ್ಲೆಮಿಂಗ್ ಮಾಡಿದ್ದು ಇಷ್ಟೇ. 1906ರಲ್ಲಿ ಡಿ ಫಾರೆಸ್ಟ್ ಎಂಬ ಅಮೆರಿಕದವನು ಇವೆರಡರ ನಡುವೆ ತಂತಿಯ ಜಾಳಿಗೆಯೊಂದನ್ನು ತಂದಿಟ್ಟ. ಹಾಡಿನ ಸಣ್ಣ ಮಿಡಿತ ಆ ಜಾಳಿಗೆಯ ಮೇಲೆ ಬಂದು ಕೂತರೆ ಸಾಕು, ಹೊರಗೆ ಹರಿಯುವ ದೊಡ್ಡ ಪ್ರವಾಹ ಅದರ ತಾಳಕ್ಕೆ ಏರಿಳಿಯುತ್ತದೆ. ಕೆರೆಯ ನೀರಗಂಟಿ ಒಂದು ಕೈಯಲ್ಲಿ ಗೂಟ ಎತ್ತಿ ಇಡೀ ಬಯಲಿಗೆ ನೀರು ಬಿಟ್ಟ ಹಾಗೆ.

ಹೆಸರುಗಳದ್ದೂ ಒಂದು ಸೊಗಸು. ‘ಇಎಲ್84’ ಎಂದರೆ ಮೊದಲು ಯಾವುದೋ ಮೋಟರಿನ ನಂಬರು ಅನ್ನಿಸೀತು. ‘ಇ’ ಎಂದರೆ ಕಾಯಿಸಲು 6.3 ವೋಲ್ಟ್ ಬೇಕು. ‘ಎಲ್’ ಎಂದರೆ ಕೊನೆಯಲ್ಲಿ ಕೂತು ದನಿಗೆ ಬಲ ಕೊಡುವ ಪೆಂಟೋಡು. ಎಂಟರಿಂದ ಶುರುವಾದರೆ ಒಂಬತ್ತು ಕಾಲಿನ ಕುಲ. ‘ಸಿ’ ಎಂದರೆ ಡಿ ಫಾರೆಸ್ಟನದರಂತೆ ಒಂದೇ ಜಾಳಿಗೆಯ ಟ್ರಯೋಡು, ಆದ್ದರಿಂದ ‘ಇಸಿಸಿ82’ ಒಂದೇ ಗಾಜಿನಲ್ಲಿ ಎರಡು ಟ್ರಯೋಡಿನ ಅವಳಿ. ಇದು ಯುರೋಪಿನ ಪದ್ಧತಿ. ಅಮೆರಿಕದವರು ಇದೇ ಅವಳಿಯನ್ನು ‘12ಎಯು7’ ಅನ್ನುತ್ತಾರೆ. ಎರಡೂ ಹೆಸರು ತಿಳಿಯದ ಭಂಗಾರದವನ ಹತ್ತಿರ ಹೋದರೆ ಮಾತ್ರ ಅಗ್ಗಕ್ಕೆ ಸಿಗುತ್ತದೆ. ತಿಳಿದವನ ಹತ್ತಿರ ಹೋದರೆ ಮನೆಗೆ ಬಂದು ಸುಳ್ಳು ಹೇಳಬೇಕಾಗುತ್ತದೆ.

ನನ್ನ ಯಂತ್ರದಲ್ಲಿ ಎರಡು ಇಎಲ್84, ಒಂದು ಇಸಿಸಿ82, ಕರೆಂಟನ್ನು ನೇರ ಮಾಡುವ ಇಝಡ್81 ಒಂದು. ಕಿವಿಗೆ ತಕ್ಕಂತೆ ದನಿ ಇಳಿಸಿಕೊಡುವ ಟ್ರಾನ್ಸ್‌ಫಾರ್ಮರು ಸುತ್ತಿಕೊಟ್ಟವರು ಉದ್ಯಮಬಾಗದಲ್ಲಿ ಪಂಪಿನ ಮೋಟರು ರಿವೈಂಡಿಂಗ್ ಮಾಡುವವರು. ಕೂದಲೆಳೆಯಂಥ ತಂತಿಯನ್ನು ಪದರ ಪದರವಾಗಿ, ನಡುವೆ ಕಾಗದ ಹಾಕಿ, ನಾನು ಬರೆದುಕೊಟ್ಟ ಲೆಕ್ಕದಂತೆ ಸುತ್ತಿ ಕೈಗಿಟ್ಟು ಕೇಳಿದರು: “ಸುತ್ತಾಕ ಹೇಳಿದಂಗ ಸುತ್ತೇನ್ರಿ ಸರ. ಆದ್ರ ಇದರ ಮ್ಯಾಲ ಯಾವ ಪಂಪ ತಿರಗತೈತಿ?”

ಸ್ವಿಚ್ ಹಾಕಿದ ಕೂಡಲೇ ಏನೂ ಆಗುವುದಿಲ್ಲ. ಆಮೇಲೆ ಗಾಜಿನ ತಳದಲ್ಲಿ ಒಲೆಯ ಮೂಲೆಯಲ್ಲಿ ಉಳಿದ ಕೆಂಡದಂಥ ಒಂದು ಚುಕ್ಕೆ. ಅದು ಕಿತ್ತಳೆಗೆ ತಿರುಗಿ ಕೊಳವೆಯುದ್ದಕ್ಕೂ ಏರುತ್ತದೆ. ಹತ್ತು, ಇಪ್ಪತ್ತು, ಮೂವತ್ತು ಎಣಿಸುವ ಹೊತ್ತಿಗೆ ದೂರದಿಂದ ನಡೆದು ಬಂದಂತೆ ದನಿ ಬರುತ್ತದೆ. ನೀರು ಕಾಯುತ್ತದೆ, ಬಸ್ಸಿಗೆ ಕಾಯುತ್ತೇವೆ, ಹೊಲ ಕಾಯುತ್ತೇವೆ. ಕನ್ನಡ ಮೂರಕ್ಕೂ ಒಂದೇ ಕ್ರಿಯಾಪದ ಇಟ್ಟಿರುವುದು ವಾಲ್ವಿನ ಮುಂದೆ ಕೂತವನ ಸಲುವಾಗಿಯೇ ಇರಬೇಕು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಗಾಜು ಕಾಯುತ್ತದೆ, ನಾನು ಕಾಯುತ್ತೇನೆ, ಬೆಕ್ಕು ಬಂದು ಕೆಡವದಂತೆ ಪೆಟ್ಟಿಗೆಯನ್ನೂ ಕಾಯುತ್ತೇನೆ.

ಕಾಕಾ ಅಂಗಡಿ ಮುಚ್ಚಿದ ದಿನ ಒಂದು ಡಾಲ್ಡಾ ಡಬ್ಬಿ ತುಂಬ ವಾಲ್ವು ಕೊಟ್ಟರು. ಮುಕ್ಕಾಲು ಪಾಲು ಬಿಇಎಲ್. ಬೆಂಗಳೂರಿನ ಜಾಲಹಳ್ಳಿಯಲ್ಲಿ 1954ರಲ್ಲಿ ಹುಟ್ಟಿದ ಭಾರತ್ ಎಲೆಕ್ಟ್ರಾನಿಕ್ಸ್ 1961ರಲ್ಲಿ ಹಾಲೆಂಡಿನ ಫಿಲಿಪ್ಸ್ ನೆರವಿನಿಂದ ರೇಡಿಯೊ ವಾಲ್ವು ತಯಾರಿಸಲು ಶುರುಮಾಡಿತು. ರಕ್ಷಣಾ ಇಲಾಖೆಯ ಕಾರ್ಖಾನೆ, ರೇಡಾರು ಮಾಡುವ ಜನ. ಆದರೆ ಅವರ ಕೈಯ ಕೆಲಸ ನಾಡಿನ ಅಡುಗೆಮನೆಯ ಶೆಲ್ಫಿನ ಮೇಲೂ ಕೂತು ರೇಡಿಯೊ ಸಿಲೋನಿನ ಹಾಡು ಹಾಡಿತು. ವಾಲ್ವು ಕೂಡಿಡುವವರ ಲೋಕದಲ್ಲಿ ಜರ್ಮನಿಯ ಟೆಲಿಫಂಕನ್, ಇಂಗ್ಲೆಂಡಿನ ಮಲ್ಲಾರ್ಡ್ ಮೇಲ್ಜಾತಿ. ಬಿಇಎಲ್‌ಗೆ ಪಂಕ್ತಿಯ ಕೊನೆಯಲ್ಲಿ ಎಲೆ. ನಾನು ಅದನ್ನು ಜವಾರಿ ವಾಲ್ವು ಅನ್ನುತ್ತೇನೆ. ಜವಾರಿ ಬದನೆಕಾಯಿ, ಜವಾರಿ ಕೋಳಿ ಅನ್ನುವುದಿಲ್ಲವೇ, ಹಾಗೆ.

ಹಾಗಂತ ಮೇಲ್ಜಾತಿಯ ಆಸೆ ನನಗಿರಲಿಲ್ಲ ಎಂದಲ್ಲ. ಅದು ತೀರಿದ್ದು ಖಾನಾಪುರದಲ್ಲಿ.

ಖಾನಾಪುರ ನನ್ನ ಹಿರಿಯರ ಊರು. ಮಲಪ್ರಭೆಯ ದಂಡೆ, ಕೆಂಪು ಮಣ್ಣು, ಹೆಂಚಿನ ಭಟ್ಟಿಗಳು, ಗಡಿಗೆ ಮಾಡುವವರು. ಕುಂಬಾರಿಕೆ ಕಲಿಸಲು ಖಾದಿ ಆಯೋಗದ ಸಂಸ್ಥೆಯೇ ಇಲ್ಲಿದೆ. ಸಣ್ಣವನಿದ್ದಾಗ ಅಜ್ಜಿಯ ಜೊತೆ ಗಡಿಗೆ ತರಲು ಹೋಗುತ್ತಿದ್ದೆ. ಅವಳು ಬೆರಳ ಗೆಣ್ಣಿನಿಂದ ಬಡಿದು ಕಿವಿಗೊಡುತ್ತಿದ್ದಳು. ಟಣ್ ಎಂದರೆ ಚೆನ್ನಾಗಿ ಸುಟ್ಟಿದೆ, ಡಬ್ ಎಂದರೆ ಸೀಳಿದೆ. ವಾಲ್ವಿನಲ್ಲಿ ಈ ಶಾಸ್ತ್ರ ತಿರುಗುಮುರುಗು. ಯಂತ್ರದಲ್ಲಿ ನಿಂತು ಕಾದ ವಾಲ್ವಿಗೆ ಪೆನ್ಸಿಲ್ ತುದಿ ಮುಟ್ಟಿಸಿ ನೋಡುತ್ತೇವೆ. ಹೆಡ್‌ಫೋನಿನಲ್ಲಿ ಟಣ್ ಎಂದು ಕೇಳಿದರೆ ಒಳಗಿನ ಜಾಳಿಗೆ ಸಡಿಲ, ಅದು ಕೆಲಸಕ್ಕೆ ಬಾರದು. ಮುಟ್ಟಿದರೂ ಸುಮ್ಮನಿರುವುದೇ ಜಾಣ ವಾಲ್ವು.

ಆ ಊರಿನ ಹಳೆ ಮನೆಯೊಂದರಲ್ಲಿ ಗ್ರುಂಡಿಗ್ ರೇಡಿಯೊ ಇದೆ ಎಂದು ಸುದ್ದಿ ಬಂತು. ಗೋವೆಯಲ್ಲಿ 1961ರವರೆಗೂ ಪೋರ್ಚುಗೀಸರು. ಲೋಂಡಾ ದಾಟಿ ಕ್ಯಾಸಲ್‌ರಾಕ್ ಮುಟ್ಟಿದರೆ ಅಲ್ಲಿಗೆ ಗಡಿ. ಆಚೆ ವಿಲಾಯತಿ ಸಾಮಾನು. ಈಚೆ ಬಂದದ್ದು ಹೇಗೆ ಎಂದು ಯಾರೂ ಬಿಡಿಸಿ ಹೇಳುವುದಿಲ್ಲ. ಆ ಮನೆಯ ಅಜ್ಜಿಯೂ ಹೇಳಲಿಲ್ಲ, “ನಮ್ಮ ಮಾವನೋರು ತಂದಿದ್ರು” ಅಂದರು, ಅಷ್ಟೇ. ಗಾಜಿನ ಪಟ್ಟಿಯ ಮೇಲೆ ರೋಮು, ಲಕ್ಸೆಂಬರ್ಗು. ಹಿಂದಿನ ರಟ್ಟು ಬಿಚ್ಚಿದೆ. ಜೇಡರ ಬಲೆಯ ನಡುವೆ ಒಂದು ಇಎಲ್84. ಹೊರತೆಗೆದು ತಿರುಗಿಸಿದರೆ ಸೂಜಿಗಾಲುಗಳ ನಡುವೆ ಗಾಜಿನಲ್ಲೇ ಮೂಡಿದ ವಜ್ರದ ಗುರುತು. ಟೆಲಿಫಂಕನ್! ಕೈ ನಡುಗಿತು ಎಂದರೆ ಸುಳ್ಳಲ್ಲ.

ರೇಡಿಯೊ ರಿಪೇರಿ ಮಾಡಿಕೊಟ್ಟರೆ ಹಳೇ ವಾಲ್ವು ನನಗೆ ಎಂದು ಮಾತಾಯಿತು. ಸುಟ್ಟ ಕೆಪಾಸಿಟರು ಬದಲಿಸಿ, ಟೆಲಿಫಂಕನ್ ಜಾಗದಲ್ಲಿ ಡಬ್ಬಿಯ ಒಂದು ಬಿಇಎಲ್ ಕೂರಿಸಿದೆ. ಅಜ್ಜಿ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ಮುಳ್ಳು ತಿರುಗಿಸುತ್ತ ಹೋಗಿ 765ಕ್ಕೆ ಬಂದಾಗ ಧಾರವಾಡ ಸಿಕ್ಕಿತು. 1950ರ ಜನವರಿ 8ರಿಂದ ಈ ಕಡೆಯ ಸೀಮೆಗೆಲ್ಲ ಹಾಡು ಕಳಿಸಿದ ನಿಲಯ. “ಹಾಂ, ಇದ ದನಿ,” ಅಂದರು ಅಜ್ಜಿ. ವಜ್ರ ನನ್ನ ಕಿಸೆಯಲ್ಲಿತ್ತು. ಕದ್ದವನಂತೆ ತಲೆ ತಗ್ಗಿಸಿ ಚಹಾ ಕುಡಿದೆ.

ಒಂದೇ ಸಿಕ್ಕರೆ ಏನು ಬಂತು? ನನ್ನ ಯಂತ್ರಕ್ಕೆ ಎಡಕ್ಕೊಂದು ಬಲಕ್ಕೊಂದು ಬೇಕು. ಜೋಡಿ ಹುಡುಕುತ್ತ ವರ್ಷಗಳು ಹೋದವು. ಮನೆತನ ಸರಿಯಿದ್ದರೆ ಕಾಲು ವಕ್ರ, ಕಾಲು ನೆಟ್ಟಗಿದ್ದರೆ ನೆತ್ತಿ ಬಿಳುಪು. ತಂಗಿಗೆ ಗಂಡು ನೋಡುವಾಗಲೂ ನಾನು ಇಷ್ಟು ತಿರುಗಿರಲಿಲ್ಲ. ಕಡೆಗೆ ಬೆಂಗಳೂರಿನ ಎಸ್.ಪಿ. ರಸ್ತೆಯ ಒಂದು ಇಕ್ಕಟ್ಟಿನ ಅಂಗಡಿಯಲ್ಲಿ ಎರಡನೆಯದು ಸಿಕ್ಕಿತು. ಬೆಲೆ ಇಲ್ಲಿ ಬರೆಯುವುದಿಲ್ಲ, ಈ ಪತ್ರಿಕೆ ಮನೆಗೂ ಬರುತ್ತದೆ.

ಆ ರಾತ್ರಿ ಕೇಳಿದ್ದನ್ನು ಬಂದವರಿಗೆಲ್ಲ ವರ್ಣಿಸಿದೆ. ತಂಬೂರಿಯ ತಂತಿ ಒಂದೊಂದೇ ಎಣಿಸಬಹುದು, ತಬಲಾದ ಕರಣೆಯ ಅಂಚು ಕಾಣುತ್ತದೆ, ಇತ್ಯಾದಿ. ಎಂಜಿನಿಯರಿಂಗ್ ಓದುವ ತಂಗಿಯ ಮಗ ಇದನ್ನು ಮೂರು ಸಲ ಕೇಳಿ ನಾಲ್ಕನೇ ಸಲ ಪರೀಕ್ಷೆ ಇಟ್ಟ. ನಾನು ಗೋಡೆಗೆ ಮುಖ ಮಾಡಿ ಕೂರುವುದು, ಅವನು ಹಿಂದೆ ನಿಂತು ಜರ್ಮನಿಯ ಜೋಡಿಯನ್ನೋ ಜಾಲಹಳ್ಳಿಯ ಜೋಡಿಯನ್ನೋ ಹಾಕುವುದು. ಹಾಡೂ ಒಂದೇ, ದನಿಯ ಮಟ್ಟವೂ ಒಂದೇ. ಪ್ರತಿ ಸಲ ತಣಿಸಿ, ಕಿತ್ತು, ಚುಚ್ಚಿ, ಮತ್ತೆ ಕಾಯಿಸಿ. ಹತ್ತು ಸರದಿ ಮುಗಿಯುವ ಹೊತ್ತಿಗೆ ಊಟ ತಣ್ಣಗಾಗಿತ್ತು.

“ನಾಕ ಸರಿ, ಮಾಮಾ,” ಅಂದ. “ನಾಣ್ಯಾ ಚಿಮ್ಮಿದ್ರ ಐದರ ಬರತಿದ್ವು.”

ಎರಡು ದಿನ ಅವನ ಜೊತೆ ಮಾತಾಡಲಿಲ್ಲ. ಮೂರನೇ ದಿನ ಖಾನಾಪುರದ ಗ್ರುಂಡಿಗ್ ಅಜ್ಜಿಯ ‘ಇದ ದನಿ’ ನೆನಪಾಯಿತು. ಅವರು ಹತ್ತಕ್ಕೆ ಹತ್ತು ತೆಗೆದುಕೊಂಡಿದ್ದರು. ಸವೆದ ವಾಲ್ವು, ಟಣ್ ಅನ್ನುವ ವಾಲ್ವು, ಗುಂಯ್‌ಗುಡುವ ವಾಲ್ವು ಯಾರ ಕಿವಿಗಾದರೂ ಗೊತ್ತಾಗುತ್ತವೆ. ಆರೋಗ್ಯವಾಗಿರುವ ಎರಡರ ನಡುವೆ ನಾವು ಕೇಳುವುದು ಬಹುಪಾಲು ಕೊಟ್ಟ ರೊಕ್ಕದ ಸದ್ದು. ಹೀಗೆ ಬರೆದರೂ ಟೆಲಿಫಂಕನ್ ಜೋಡಿಯನ್ನು ನಾನು ಮಾರಿಲ್ಲ. ಆ ವಜ್ರದ ಗುರುತನ್ನು ತಿಂಗಳಿಗೊಮ್ಮೆ ತೆಗೆದು ನೋಡುತ್ತೇನೆ. ಅದು ಬೇರೆ ಸುಖ, ಕಿವಿಯದ್ದಲ್ಲ.

ಹಾಗಾದರೆ ವಾಲ್ವೇ ಯಾಕೆ, ಮೊಬೈಲಿಗೇ ಹೆಡ್‌ಫೋನ್ ಚುಚ್ಚಬಾರದೇ? ಹುಡುಗ ಇದನ್ನೂ ಕೇಳಿದ. ಉತ್ತರಕ್ಕೆ ಮೀರಜಿಗೆ ಹೋಗಬೇಕು. ಅಲ್ಲಿ ತಂಬೂರಿ ಮಾಡುವವರು ಕುದುರೆಯ ಮೇಲೆ, ತಂತಿಯಡಿ, ಒಂದು ನೂಲಿನೆಳೆ ಸರಿಸುತ್ತಾರೆ. ಮೊಂಡಾಗಿದ್ದ ನಾದ ಒಮ್ಮೆಲೇ ಅರಳಿ ಜೇನಿನ ಹಾಗೆ ಝೇಂಕರಿಸುತ್ತದೆ. ಇದಕ್ಕೂ ಜವಾರಿ ಎಂದೇ ಹೆಸರು. ತಂತಿ ಹುಟ್ಟಿಸಿದ ಸ್ವರದ ಮೇಲೆ ಅದರದೇ ಮೇಲಿನ ಸಪ್ತಕದ ನೆರಳುಗಳು ಎದ್ದು ಕಾಣುವಂತೆ ಮಾಡುವ ಉಪಾಯ. ನನ್ನದರಂಥ ಸಾದಾ ವಾಲ್ವಿನ ಯಂತ್ರವೂ ಅಂಥದ್ದೇ ತುಂಟತನ ಮಾಡುತ್ತದೆ. ಷಡ್ಜ ಕೊಟ್ಟರೆ ಅದರ ಬೆನ್ನಿಗೆ ತಾರ ಷಡ್ಜದ ಒಂದು ಚಿಟಿಕೆ ಸೇರಿಸಿ ಕೊಡುತ್ತದೆ. ಎಂಜಿನಿಯರನ ಲೆಕ್ಕದಲ್ಲಿ ಇದು ದೋಷ, ಶೇಕಡಾವಾರು ಅಳೆದು ಬರೆಯುತ್ತಾರೆ. ಹುಡುಗ ಒಪ್ಪಲಿಲ್ಲ. ಒಪ್ಪಬೇಕಾಗಿಯೂ ಇಲ್ಲ. ನನ್ನ ಯಂತ್ರದ ಹಿನ್ನೆಲೆಯಲ್ಲಿ ಸಣ್ಣಗೆ ನೂರು ಹರ್ಟ್ಸಿನ ಗುಂಯ್ ಒಂದಿದೆ, ಹಾರ್ಮೋನಿಯಂ ಪೆಟ್ಟಿಗೆಯವರ ಭಾಷೆಯಲ್ಲಿ ಬಿಳಿ ಐದಕ್ಕೆ ಹತ್ತಿರ. ಅದನ್ನೂ ತಂಬೂರಿ ಅಂದುಕೊಳ್ಳಿ ಎಂದು ಹೇಳುವಷ್ಟು ಧೈರ್ಯ ಮಾತ್ರ ನನಗಿಲ್ಲ.

ಹೆಚ್ಚು ಕೇಳುವುದು ಕುಮಾರ ಗಂಧರ್ವರನ್ನು. ಇಲ್ಲೇ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಕೊಮಕಾಳಿ. ಹರೆಯದಲ್ಲೇ ಕ್ಷಯ ತಗುಲಿ, ದೇವಾಸದಲ್ಲಿ ವರ್ಷಗಟ್ಟಲೆ ಹಾಡದೆ ಮಲಗಿದ್ದು, ಎದ್ದ ಮೇಲೆ ಇದ್ದಷ್ಟು ಉಸಿರಿಗೆ ತಕ್ಕ ಗಾಯನ ಕಟ್ಟಿದವರು. ಹೆಡ್‌ಫೋನಿನಲ್ಲಿ ಆ ಉಸಿರು ಕಿವಿಯ ಪಕ್ಕದಲ್ಲೇ ಇರುತ್ತದೆ: ಚುಟುಕಾದ ಒಂದು ಸ್ವರಗುಚ್ಛ, ಚಕ್ಕನೆ ಎಳೆದುಕೊಂಡ ಗಾಳಿ, ಮತ್ತೆ ಮಿಂಚಿದಂತೆ ತಾರಕ್ಕೆ. ಐವತ್ತರ ದಶಕದ ಧ್ವನಿಮುದ್ರಣಗಳೆಲ್ಲ ಆಗಲೇ ಒಮ್ಮೆ ವಾಲ್ವಿನ ಬಿಸಿಯಲ್ಲಿ ಹಾದು ಬಂದವು. ನನ್ನ ಮೇಜಿನ ಮೇಲೆ ಅವು ಎರಡನೇ ಸಲ ಕಾಯುತ್ತವೆ.

ಕಳೆದ ಮಳೆಗಾಲ ಪೆಟ್ಟಿಗೆಯನ್ನು ಖಾನಾಪುರಕ್ಕೆ ಒಯ್ದಿದ್ದೆ. ಒಯ್ಯಬಾರದು, ಅಲ್ಲಿಯ ಜುಲೈ ಥಂಡಿಗೆ ಸಾಕೆಟ್ಟು ಕಿಲುಬು ಹಿಡಿಯುತ್ತದೆ, ವೋಲ್ಟೇಜು ಇಳಿದು ವಾಲ್ವು ಮಂಕಾಗುತ್ತದೆ. ಆದರೂ ಹೆಂಚಿನ ಮೇಲೆ ಮಳೆ, ಒಳಗೆ ಕೆಂಡದಂಥ ನಾಲ್ಕು ಚುಕ್ಕೆ, ಮೊಬೈಲಿನಿಂದ ತಂತಿ ಎಳೆದು ಹಚ್ಚಿದ ಕುಮಾರರ ಆಲಾಪ. ಅರ್ಧ ಆಲಾಪಕ್ಕೆ ಕರೆಂಟು ಹೋಯಿತು. ಹಾಡು ಕತ್ತರಿಸಿದಂತೆ ನಿಲ್ಲಲಿಲ್ಲ. ಕೆಪಾಸಿಟರಿನಲ್ಲಿ ಉಳಿದ ಬಲ, ಗಾಜಿನಲ್ಲಿ ಉಳಿದ ಕಾವು, ಇವೆರಡರ ಮೇಲೆ ಕತ್ತಲಲ್ಲಿ ದನಿ ಕೆಲವು ಕ್ಷಣ ನಡೆಯಿತು. ಸಣ್ಣಗಾಗುತ್ತ, ಮಬ್ಬಾಗುತ್ತ, ಅಂಗಳ ದಾಟಿ ಹೊರಟವರಂತೆ. ಚುಕ್ಕೆಗಳು ಒಂದೊಂದೇ ಕಂದಿದವು.

“ಕರೆಂಟ್ ಹೋತಲ್ರೀ, ಬ್ಯಾಟರಿ ಎಲ್ಲೈತಿ?” ಎನ್ನುತ್ತ ಹೆಂಡತಿ ತಡವಿಕೊಂಡು ಬಂದಳು. ಸಿಗದೆ ನನ್ನ ಮೊಬೈಲನ್ನೇ ತಂತಿಯಿಂದ ಕಿತ್ತುಕೊಂಡು, ಬೆಳಕು ಮಾಡಿಕೊಂಡು ಅಡುಗೆಮನೆಗೆ ಹೋದಳು. ಕಿತ್ತಾಗ ಹಾಡು ನಿಂತಿತ್ತು. ನಾನು ಇನ್ನೂ ಹೆಡ್‌ಫೋನ್ ತೆಗೆದಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ತೆಗೆದಾಗ ರೊಟ್ಟಿ ತಟ್ಟುವ ಸದ್ದಿನ ನಡುವೆ ಮೊಬೈಲಿನ ಸಣ್ಣ ಬಾಯಿಂದ ಕುಮಾರರು ಹಾಡುತ್ತಿದ್ದರು. ಅವಳೇ ಒತ್ತಿ ಹಚ್ಚಿದ್ದಳು, ನಿಂತಲ್ಲಿಂದಲೇ.