ಒಲೆಗೆ ತಕ್ಕ ಗರಗಸ

ಗ್ಯಾಸ್ ಬಂದು ಎಷ್ಟೋ ಕಾಲವಾಯಿತು, ಆದರೂ ನಮ್ಮ ಕಡೆ ಹಿತ್ತಲ ನೀರೊಲೆ ಆರಿಲ್ಲ. ಸ್ನಾನದ ಹಂಡೆ ಕಾಯಬೇಕು, ದನಕ್ಕೆ ಹುರುಳಿ ಬೇಯಬೇಕು, ಬೀಗರೂಟದ ದಿನ ದೊಡ್ಡ ಪಾತ್ರೆಯಲ್ಲಿ ಮುದ್ದೆ ತೊಳಸಬೇಕು. ಸಿಲಿಂಡರಿನ ಸಣ್ಣ ಉರಿಗೆ ಅಷ್ಟು ದೊಡ್ಡ ಪಾತ್ರೆ ಜಗ್ಗುವುದಿಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಯಾವ ತಾಲ್ಲೂಕಿನ ಹಳ್ಳಿಗೆ ಹೋದರೂ ಮನೆ ಪಕ್ಕ ಒಂದು ಸೌದೆ ಒಟ್ಟು ಕಾಣುತ್ತದೆ. ಕಾಣದೆ ಇರುವುದು ಅದನ್ನು ಒಡೆದು ಕೊಡುವ ಆಳು. ಕೊಡಲಿ ಹೆಗಲ ಮೇಲಿಟ್ಟು ಬೆಳಗ್ಗೆ ಬಂದು ಸಂಜೆಗೆ ಒಂದು ಬೊಡ್ಡೆ ಮುಗಿಸಿಹೋಗುತ್ತಿದ್ದವರ ಮಕ್ಕಳು ಬಿಡದಿಯ ಕಾರ್ಖಾನೆಗಳ ಶಿಫ್ಟಿಗೆ ಹೋಗುತ್ತಿದ್ದಾರೆ. ಹಾಗಾಗಿ ಮನೆಗೊಂದು ಮರ ಕುಯ್ಯೋ ಮಿಷನ್ ಬೇಕೆಂಬ ಆಸೆ ಹುಟ್ಟಿದೆ. ಅದು ಸರಿಯಾದ ಆಸೆಯೇ.

ಪೇಟೆಯ ಕೃಷಿ ಸಲಕರಣೆ ಅಂಗಡಿಗೆ ಹೋದರೆ ಮೊದಲು ಕಣ್ಣಿಗೆ ಬೀಳುವುದು 58 ಸಿಸಿ ಎಂಜಿನ್ನು, 22 ಇಂಚಿನ ಪಟ್ಟಿ. ನೋಡಿದರೆ ಕಾಡನ್ನೇ ಉರುಳಿಸೀತು ಅನ್ನಿಸುತ್ತದೆ. ಬೆಲೆಯೂ ಹೆದರಿಸುವುದಿಲ್ಲ. ಕೊಳ್ಳಲು ಹೋದವರಿಗೆ ನಾನು ಕೇಳುವುದು ಒಂದೇ: ನಿಮ್ಮ ಒಲೆಗೆ ಬೀಳುವ ಸೌದೆ ಎಷ್ಟು ದಪ್ಪ? ನಮ್ಮಲ್ಲಿ ಉರಿಯುವುದು ಸವರಿದ ಮಾವಿನ ಕೊಂಬೆ, ಬದುವಿನ ಹೊಂಗೆ, ಬೇವು, ಜಾಲಿ, ಎಂದೋ ನೆಟ್ಟು ಮೂರು ಸಲ ಕಡಿದು ಮತ್ತೆ ಚಿಗುರಿದ ನೀಲಗಿರಿ. ತೊಡೆ ದಪ್ಪ ದಾಟುವುದೇ ಅಪರೂಪ. ಅದಕ್ಕೆ 12 ಅಥವಾ 14 ಇಂಚಿನ ಪಟ್ಟಿ, ಮೂವತ್ತರ ಆಸುಪಾಸಿನ ಸಿಸಿ ಧಾರಾಳ. ಅಪ್ಪಿತಪ್ಪಿ ದಪ್ಪ ದಿಮ್ಮಿ ಬಂದರೆ ಒಂದು ಕಡೆಯಿಂದ ಅರ್ಧ ಕುಯ್ದು, ಹೊರಳಿಸಿ ಮತ್ತೊಂದು ಕಡೆಯಿಂದ ಕುಯ್ಯಬಹುದು. ಸ್ಟಿಲ್ ಕಂಪನಿಯ ಎಂಎಸ್ 170 ಈ ಜಾತಿಯದು: 30 ಸಿಸಿ, ತೂಕ ಸುಮಾರು 4 ಕೆಜಿ. ಅದನ್ನೇ ಕೊಳ್ಳಬೇಕೆಂದಿಲ್ಲ, ಅಳತೆ ಅಷ್ಟಿದ್ದರೆ ಸಾಕು. ದೊಡ್ಡ ಮಿಷನ್ನು ಬೆಳಗ್ಗೆ ಹತ್ತು ಗಂಟೆಗೆ ಹಗುರವಾಗಿಯೇ ಇರುತ್ತದೆ. ಮಧ್ಯಾಹ್ನ ಹನ್ನೆರಡಕ್ಕೆ ಕೈ ನಡುಗಿಸುತ್ತದೆ, ಆಪತ್ತು ಬರುವುದು ಆ ಹೊತ್ತಿನಲ್ಲೇ.

ಇಷ್ಟಕ್ಕೂ ಮರ ಕುಯ್ಯುವುದು ಎಂಜಿನ್ ಅಲ್ಲ, ಹಲ್ಲು. ಆ ಹಲ್ಲಿನ ಕಥೆ ರೇಷ್ಮೆ ಸೀಮೆಯವರಾದ ನಮಗೆ ಬಹಳ ಹತ್ತಿರದ್ದು. 1946ರಲ್ಲಿ ಅಮೆರಿಕದ ಆರೆಗನ್ ಪ್ರಾಂತ್ಯದಲ್ಲಿ ಜೋಸೆಫ್ ಕಾಕ್ಸ್ ಎಂಬ ಮರ ಕಡಿಯುವ ಕಸುಬಿನವನು ಸೌದೆ ಸೀಳುತ್ತಿದ್ದಾಗ ಬೊಡ್ಡೆಯೊಳಗೆ ತೋರುಬೆರಳಿನಷ್ಟು ಉದ್ದದ ಹುಳು ಕಂಡಿತು. ಮರದ ದುಂಬಿಯ ಮರಿಹುಳು ಅದು. ಎಳೆ ಅಡ್ಡವಿರಲಿ, ಉದ್ದವಿರಲಿ, ಬಾಗಿದ ಎರಡು ದವಡೆಗಳಿಂದ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಕೆತ್ತುತ್ತಾ ಸಲೀಸಾಗಿ ಸಾಗುತ್ತಿತ್ತು. ಆಗಿನ ಚೈನುಗಳಿಗೆ ಕೈಗರಗಸದ ಹಾಗೆ ನೆಟ್ಟನೆ ಹಲ್ಲು. ಅವು ಮರವನ್ನು ಕೆರೆಯುತ್ತಿದ್ದವು, ಬೇಗ ಮೊಂಡಾಗುತ್ತಿದ್ದವು. ಕಾಕ್ಸ್ ಹುಳುವಿನ ದವಡೆಯನ್ನೇ ಉಕ್ಕಿನಲ್ಲಿ ಮಾಡಿದ, ಒಂದು ಹಲ್ಲು ಎಡಕ್ಕೆ, ಮುಂದಿನದು ಬಲಕ್ಕೆ. 1947ರಲ್ಲಿ ಅದನ್ನು ಮಾರಲು ಶುರುಮಾಡಿದ. ಇಂದು ಕನಕಪುರದ ಅಂಗಡಿಯಲ್ಲಿ ತೂಗಾಡುವ ಚೈನೂ ಅದೇ ವಂಶದ್ದು. ತಟ್ಟೆಯಲ್ಲಿ ಹಿಪ್ಪುನೇರಳೆ ಎಲೆ ಮೇಯುವ ಹುಳುವಿನ ಸದ್ದನ್ನು ರಾತ್ರಿಯಿಡೀ ಕೇಳಿ ಬೆಳೆದವರಿಗೆ ಇದು ನಂಬಲಾಗದ ಮಾತಲ್ಲ. ರಾಮನಗರದ ಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದದ್ದು ಒಂದು ಹುಳುವಿನ ಬಾಯಿಂದ. ಆ ಗೂಡು ಬೇಯಿಸಿ ನೂಲು ತೆಗೆಯಲು ಬಿಸಿನೀರು ಬೇಕು, ಬಿಸಿನೀರಿಗೆ ಸೌದೆ ಬೇಕು, ಸೌದೆ ಕುಯ್ಯಲು ಇನ್ನೊಂದು ಹುಳುವಿನ ದವಡೆ!

ಹಲ್ಲಿನ ಮಾತು ಬಂದದ್ದರಿಂದ ಹೇಳುತ್ತೇನೆ: ಮಿಷನ್ ಜೊತೆಗೆ ದುಂಡನೆಯ ಅರವೊಂದನ್ನು ಕೊಂಡೇ ಅಂಗಡಿಯಿಂದ ಇಳಿಯಬೇಕು. ಸಣ್ಣ ಚೈನಿಗೆ ಸಾಮಾನ್ಯವಾಗಿ 4 ಮಿಲಿಮೀಟರಿನದು. ಚೈನಿನ ಅಳತೆ ಹೇಳಿ ಕೇಳಿದರೆ ಅಂಗಡಿಯವರೇ ಸರಿಯಾದುದನ್ನು ಕೊಡುತ್ತಾರೆ. ಹಲ್ಲು ಹರಿತವಿದ್ದರೆ ಚಕ್ಕೆ ಚಕ್ಕೆಯಾಗಿ ಹಾರುತ್ತದೆ, ಮೊಂಡಾದರೆ ಹಿಟ್ಟಿನಂತೆ ಪುಡಿ ಉದುರುತ್ತದೆ. ಪುಡಿ ಕಂಡ ಕೂಡಲೇ ನಿಲ್ಲಿಸಿ ಅರ ಹಿಡಿಯಬೇಕು. ಒತ್ತಿ ಒತ್ತಿ ಕುಯ್ದರೆ ಎಂಜಿನ್ನೂ ಸೋಲುತ್ತದೆ, ಮೈಯೂ ಸೋಲುತ್ತದೆ. ಚನ್ನಪಟ್ಟಣದ ಆಟಿಕೆಯವರು ಆಲೆಮರದ ತುಂಡನ್ನು ಕಡೆಯುವಾಗ ನಡುನಡುವೆ ಉಳಿ ಮಸೆಯುವುದನ್ನು ನೋಡಿ ಬನ್ನಿ. ಉಳಿ ಹರಿತವಿರುವುದರಿಂದಲೇ ಮರ ಅವರ ಮಾತು ಕೇಳುತ್ತದೆ. ಹಸಿ ಮರವನ್ನು ಒಣಗಿಸದೆ ಅವರು ಮುಟ್ಟುವುದೂ ಇಲ್ಲ. ಸೌದೆಗೂ ಅದೇ ನ್ಯಾಯ. ಕಡಿದ ಹೊಸತರಲ್ಲಿ ಮರದ ತೂಕದ ಅರ್ಧದಷ್ಟು ನೀರೇ ಇರಬಹುದು. ಅದನ್ನು ಒಲೆಗಿಟ್ಟರೆ ಉರಿ ನೀರು ಆರಿಸುವುದರಲ್ಲೇ ಮುಗಿಯುತ್ತದೆ, ಹೊಗೆ ಮಾತ್ರ ಹೆಂಗಸರ ಕಣ್ಣಿಗೆ. ಸಂಕ್ರಾಂತಿ ಕಳೆದ ಮೇಲೆ ಕುಯ್ದು, ಸೀಳಿ, ಬೇಸಿಗೆಯ ಬಿಸಿಲು ಕುಡಿಸಿ, ಮುಂಗಾರಿಗೆ ಮುಂಚೆ ಸೂರಿನಡಿ ಒಟ್ಟಬೇಕು.

ಮೊಂಡಾಗುವುದಕ್ಕೆ ನಮ್ಮ ಕಡೆಯ ಮುಖ್ಯ ಕಾರಣ ಮಣ್ಣು ಮತ್ತು ಮೊಳೆ. ನೆಲದ ಮೇಲಿಟ್ಟೇ ಕುಯ್ದರೆ ಚೈನು ಮಣ್ಣಿಗೆ ತಾಗುತ್ತದೆ, ಒಂದೇ ಕ್ಷಣಕ್ಕೆ ಹಲ್ಲು ಹೋಗುತ್ತದೆ. ನಾಲ್ಕು ಗಳು ಕತ್ತರಿಯಾಗಿ ಕಟ್ಟಿ ಅದರ ಮೇಲೆ ದಿಮ್ಮಿ ಇಟ್ಟುಕೊಂಡರೆ ಬೆನ್ನಿಗೂ ಒಳ್ಳೆಯದು. ಬದುವಿನ ಮರದಲ್ಲಿ ಬೇಲಿ ತಂತಿ ಹೂತುಹೋಗಿರುತ್ತದೆ. ಹಳೆಯ ಹುಣಸೆಯಲ್ಲಿ ದೆವ್ವ ಕಟ್ಟಲು ಹೊಡೆದ ಮೊಳೆ ಇರಬಹುದು. ತೊಗಟೆ ಸವರಿ ನೋಡದೆ ಕೈ ಹಾಕಬೇಡಿ.

ಪೆಟ್ರೋಲೋ ಕರೆಂಟೋ ಎಂದು ಕೇಳುವವರು ಹೆಚ್ಚು. ಮನೆ ಅಂಗಳದಲ್ಲೇ ಕುಯ್ಯುವುದಾದರೆ, ವರ್ಷಕ್ಕೆ ಕೆಲವೇ ದಿನದ ಕೆಲಸವಾದರೆ, ನನ್ನ ಮತ ಕರೆಂಟಿನದಕ್ಕೆ. 2000 ವಾಟ್ ಇದ್ದರೆ ಸಾಕು. ಆದರೆ ಅದು 9 ಆಂಪಿಯರ್ ಎಳೆಯುತ್ತದೆ, ಸೀರಿಯಲ್ ಸೆಟ್ಟಿಗೆ ಹಾಕುವ ತೆಳು ವೈರು ಕರಗಿಹೋಗುತ್ತದೆ. ದಪ್ಪ ವೈರೇ ಬೇಕು, ವೋಲ್ಟೇಜೂ ನೆಟ್ಟಗಿರಬೇಕು. ತೋಟದ ಬದುವಿಗೆ ಹೋಗುವುದಾದರೆ ಪೆಟ್ರೋಲಿನದೇ ಗತಿ. ಅದು ಎರಡು ಸ್ಟ್ರೋಕಿನ ಎಂಜಿನ್ನು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ದಿ ಓಡಿಸಿದವರಿಗೆ ಹೇಳಿಕೊಡಬೇಕಿಲ್ಲ: ಪೆಟ್ರೋಲಿಗೆ ಎಣ್ಣೆ ಬೆರೆಸಲೇಬೇಕು. ಒಳ್ಳೆಯ 2ಟಿ ಎಣ್ಣೆಯಾದರೆ ಲೀಟರಿಗೆ 20 ಮಿಲಿ, ಕೆಲವು ಮಿಷನ್ನಿಗೆ 40. ಪುಸ್ತಿಕೆ ಹೇಳಿದಷ್ಟೇ ಹಾಕಿ. ಬರೀ ಪೆಟ್ರೋಲು ಹಾಕಿದರೆ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಇರುವುದರಿಂದ ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಬಿಡಬಾರದು, ನೀರು ಎಳೆದುಕೊಂಡು ಕಾರ್ಬ್ಯುರೇಟರು ಕೆಡುತ್ತದೆ. ಚೈನಿಗೆ ಸುರಿಯುವ ಎಣ್ಣೆ ಬೇರೆ, ಅದರ ಟ್ಯಾಂಕೂ ಬೇರೆ.

ಇನ್ನು ಜೀವದ ಮಾತು. ಪಟ್ಟಿಯ ತುದಿಯ ಮೇಲರ್ಧ ಏನಕ್ಕಾದರೂ ತಾಗಿದರೆ ಮಿಷನ್ ಚಿಮ್ಮಿ ಮುಖದ ಕಡೆ ಬರುತ್ತದೆ. ಚೈನು ಓಡುವುದು ಸೆಕೆಂಡಿಗೆ ಸುಮಾರು 20 ಮೀಟರ್, ನಾವು ಹಿಂದೆ ಸರಿಯುವಷ್ಟು ಸಮಯವನ್ನು ಅದು ಕೊಡುವುದಿಲ್ಲ. ಚೈನ್ ಬ್ರೇಕ್ ಇಲ್ಲದ, ಅಥವಾ ಇದ್ದೂ ಕೆಲಸ ಮಾಡದ ಮಿಷನ್ನನ್ನು ಯಾರು ಬಿಟ್ಟಿ ಕೊಟ್ಟರೂ ಬೇಡ. ಎರಡೂ ಕೈ ಹಿಡಿಯ ಮೇಲಿರಬೇಕು, ಹೆಗಲಿಗಿಂತ ಮೇಲೆ ಎತ್ತಬಾರದು, ಏಣಿ ಹತ್ತಿ ಕುಯ್ಯಬಾರದು. ಲುಂಗಿ, ಹವಾಯಿ ಚಪ್ಪಲಿಯಲ್ಲಿ ನಿಂತು ಕುಯ್ಯುವವರನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಸದ್ದು 100 ಡೆಸಿಬಲ್ ದಾಟುತ್ತದೆ, ಕಿವಿ ಮುಚ್ಚಿಕೊಳ್ಳಿ. ನಿಂತ ಮರ ಉರುಳಿಸುವುದು ಹೊಸಬರ ಕೆಲಸವೇ ಅಲ್ಲ, ಅದನ್ನು ಕಸುಬಿನವರಿಗೆ ಬಿಡಿ.

ನಿಂತ ಮರಕ್ಕೆ ಕಾನೂನೂ ಇದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಸ್ವಂತ ಹೊಲದಲ್ಲಿದ್ದರೂ ಅನೇಕ ಮರಗಳಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ನೀಲಗಿರಿ, ಸರ್ವೆ, ಸುಬಾಬುಲ್, ತೆಂಗು ಇಂಥವಕ್ಕೆ ವಿನಾಯಿತಿ ಇದೆ. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನಿಂದ ಕುದೂರಿನ ದಾರಿಯುದ್ದಕ್ಕೂ ಆಲದ ಸಸಿ ನೆಟ್ಟು ನೀರು ಹೊತ್ತ ಸಾಲುಮರದ ತಿಮ್ಮಕ್ಕ ನಮ್ಮವರು. 2025ರ ನವೆಂಬರಿನಲ್ಲಿ ತೀರಿಕೊಂಡರು. ಅವರ ಸೀಮೆಯಲ್ಲಿ ಮಿಷನ್ ಇದೆಯೆಂಬ ಕಾರಣಕ್ಕೆ ಮರ ಹುಡುಕಿಕೊಂಡು ಹೋಗುವುದು ನನಗೆ ಸಹಿಸದು. ಬಿದ್ದದ್ದು, ಸವರಿದ್ದು, ಒಣಗಿದ್ದು ಒಲೆಗೆ ಸಾಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ 'ಅಸ್ತ್ರ' ತಂಡ ಕಡಿಮೆ ಸೌದೆಗೆ ಹೆಚ್ಚು ಉರಿ ಕೊಡುವ, ಹೊಗೆ ಕೊಳವೆಯ ಅಸ್ತ್ರ ಒಲೆಯನ್ನು ಎಂದೋ ಮಾಡಿಕೊಟ್ಟಿದೆ. ಮೂರು ಕಲ್ಲಿನ ಒಲೆ ಇಟ್ಟುಕೊಂಡು ದೊಡ್ಡ ಗರಗಸ ಹುಡುಕುವುದಕ್ಕಿಂತ ಅಂಥ ಒಲೆ ಹಾಕಿಸುವುದು ಲಾಭ.

ಕೊನೆಗೆ ಅಂಗಡಿಯ ಆಯ್ಕೆ. ಬಿಡಿಭಾಗ ಸಿಗುವ, ರಿಪೇರಿಯವನು ಅಲ್ಲೇ ಕೂತಿರುವ, ನಿಮ್ಮ ಊರಿಗೆ ಬಸ್ಸಿರುವ ಪೇಟೆಯ ಅಂಗಡಿಯಲ್ಲೇ ಕೊಳ್ಳಿ. ಕೊಳ್ಳುವ ಮುನ್ನ ಅಲ್ಲೇ ಸ್ಟಾರ್ಟ್ ಮಾಡಿಸಿ, ಬ್ರೇಕ್ ಹಾಕಿಸಿ ನೋಡಿ, ಒಂದು ತುಂಡು ಕುಯ್ಯಲು ಕೇಳಿ. ಸಣ್ಣ ಮಿಷನ್ ಆರಿಸಿದ್ದರಿಂದ ಉಳಿದ ದುಡ್ಡಿನಲ್ಲಿ ಮೊದಲು ಗಟ್ಟಿ ಬೂಟು, ಕನ್ನಡಕ, ಕಿವಿಮುಚ್ಚು ತೆಗೆದುಕೊಳ್ಳಿ. ಇನ್ನೂ ಮಿಕ್ಕಿದರೆ ಎರಡನೇ ಚೈನು.