ಹುಣಿಸೆಬೀಜವೂ ಒಬ್ಬ ಬೋಧಕೇತರನೂ

ಮೊನ್ನೆ ಮನೆಗೆ ಹೊಸ ಹುಣಿಸೆಹಣ್ಣು ಬಂತು. ನನ್ನಾಕೆ ಪಡಸಾಲೆಯಲ್ಲಿ ಗೋಣಿತಾಟು ಹಾಸಿ ಕುಟ್ಟಿ ಬೀಜ ಬಿಡಿಸುತ್ತಿದ್ದಳು. ರಜೆಗೆ ಬಂದಿದ್ದ ಮೊಮ್ಮಗ ಚೌಕಾಬಾರಕ್ಕೆಂದು ನಾಲ್ಕು ಬೀಜ ಆರಿಸಿ, ಒಂದು ಮಗ್ಗುಲನ್ನು ಕಲ್ಲಿಗೆ ತೇಯುತ್ತಿದ್ದ.

"ಮಿಕ್ಕಿದ್ದನ್ನ ಎಸೀಬೇಡ, ನನಗೆ ಬೇಕು" ಅಂದೆ.

"ನಿಮಗ್ಯಾಕ್ರೀ?"

"ಕಡತ ಮಾಡೋಕೆ."

ನಾನು ನಿವೃತ್ತನಾಗಿ ಆರು ವರ್ಷವಾದರೂ ಆ ಪದ ಕಿವಿಗೆ ಬಿದ್ದರೆ ಅವಳ ಹುಬ್ಬು ಗಂಟಾಗುತ್ತದೆ. ಕಾರಣವಿದೆ, ಬರುತ್ತದೆ.

ವಿಶ್ವವಿದ್ಯಾನಿಲಯವೊಂದರಲ್ಲಿ ಮೂವತ್ತೊಂದು ವರ್ಷ ಗುಮಾಸ್ತಿಕೆ ಮಾಡಿದವನು ನಾನು. ನಮ್ಮಂಥವರನ್ನು ಅಲ್ಲಿ ಬೋಧಕೇತರ ಎನ್ನುತ್ತಾರೆ. ರೈತನನ್ನು ವಕೀಲೇತರ ಎಂದು ಯಾರೂ ಕರೆದದ್ದಿಲ್ಲ. ಮದುವೆಮನೆಯ ಅಡುಗೆಯವರಿಗೂ ಪುರೋಹಿತೇತರರು ಎನ್ನುವುದಿಲ್ಲ. ಹೆಂಡತಿಯ ತವರಿನಲ್ಲಿ ಮಾತ್ರ ನಾನು ಇವತ್ತಿಗೂ 'ಪ್ರೊಫೆಸರ್ ಅಳಿಯಂದ್ರು'. ಮೊದಮೊದಲು ತಿದ್ದುತ್ತಿದ್ದೆ. ಹೋಳಿಗೆಯ ಮೇಲೆ ಬೀಳುವ ತುಪ್ಪದ ಪ್ರಮಾಣ ನೋಡಿದ ಮೇಲೆ ಬಿಟ್ಟೆ.

ಸುಖಗಳೂ ಇದ್ದವು. ದಾರಿಯುದ್ದ ಮರದ ನೆರಳು, ಲೆಕ್ಕಕ್ಕಿಂತ ಎರಡು ಪುಸ್ತಕ ಹೆಚ್ಚು ಕೊಡುವ ಗ್ರಂಥಾಲಯದ ಗೆಳೆಯ, ಮೈಕು ಸರಿಮಾಡುವ ನೆಪದಲ್ಲಿ ಸಭಾಂಗಣದ ಹಿಂದೆ ನಿಂತು ಕೇಳಿದ ಉಪನ್ಯಾಸಗಳು. ಕಡತದ ಪೂರ್ವೋತ್ತರ ಗೊತ್ತಾದದ್ದು ಹಾಗೆ ಹಿಂದೆ ನಿಂತೇ.

ನಾವು ಕೆಂಪು ದಾರ ಕಟ್ಟಿ ಮೇಜಿನಿಂದ ಮೇಜಿಗೆ ದಾಟಿಸುವ ಕಡತ ಹುಟ್ಟಿನಲ್ಲಿ ಬಟ್ಟೆ. ಹತ್ತಿಬಟ್ಟೆಗೆ ಹುಣಿಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸಿದರೆ ಕರೀ ಹಲಗೆಯಂತಾಗುತ್ತದೆ. (ಕಂಬಳಿ ನೇಯುವವರೂ ಈ ಬೀಜದ ಗಂಜಿಯನ್ನೇ ಬಳಿಯುತ್ತಾರೆ, ಈ ಬೀಜಕ್ಕೆ ಸಿಗಬೇಕಾದ ಮರ್ಯಾದೆ ಸಿಕ್ಕಿಲ್ಲ.) ಅದರ ಮೇಲೆ ಬಳಪದಲ್ಲಿ ಬರೆದು, ಮಡಿಕೆ ಮಡಿಕೆಯಾಗಿ ಮಡಚಿ, ಎರಡು ಮರದ ಹಲಗೆಗಳ ನಡುವೆ ಇಟ್ಟು ಕಟ್ಟುತ್ತಿದ್ದರು. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಹೊರಬಂದ ತನ್ನ ಚರಿತ್ರೆಯಲ್ಲಿ ಇದರ ಅಳತೆಯನ್ನೂ ಕೊಟ್ಟಿದ್ದಾನೆ: ಅಗಲ ಎಂಟು ಅಂಗುಲದಿಂದ ಒಂದಡಿ, ಉದ್ದ 12ರಿಂದ 18 ಅಡಿ. ವರ್ತಕನ ಕಡತದಲ್ಲಿದ್ದ ಸಾಲಪತ್ರವನ್ನು ವ್ಯಾಜ್ಯದಲ್ಲಿ ಪುರಾವೆಯೆಂದು ಒಪ್ಪಿದ್ದನ್ನೂ ಆತ ಕಂಡಿದ್ದನಂತೆ.

ಟಿಪ್ಪು ಸುಲ್ತಾನ್ ಮಾತ್ರ ಸರ್ಕಾರಿ ಲೆಕ್ಕವನ್ನು ಕಡತದಲ್ಲಿ ಬರೆಯಕೂಡದೆಂದು ತಡೆದ. ಸರಿಯೇ. ಮೂರು ಎಂಟಾಗಲು ಒಂದು ಒದ್ದೆ ಬೆರಳು ಸಾಕಲ್ಲ. ಆದರೂ ಒಳ್ಳೆಯ ಕಾಗದಕ್ಕಿಂತ ಇದೇ ಹೆಚ್ಚು ಬಾಳುತ್ತದೆ ಎಂದು ವಿಲ್ಕ್ಸ್ ಹೇಳುತ್ತಾನೆ. ಅಳಿಸುವುದು ಸುಲಭ, ಅಳಿಯುವುದು ಕಷ್ಟ. ನನ್ನ ಕಚೇರಿಯನ್ನು ಇಷ್ಟು ಚೆನ್ನಾಗಿ ಬಲ್ಲ ಸಾಮಾನು ಇನ್ನೊಂದಿಲ್ಲ.

ನಮ್ಮ ಕುಲಕ್ಕೆ ದೊಡ್ಡವರೇ ಇಲ್ಲ ಎಂದುಕೊಳ್ಳಬೇಡಿ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ತಾಳೆಗರಿ ಕಾಯುತ್ತಿದ್ದ ಶಾಮಶಾಸ್ತ್ರಿಗಳನ್ನು ನಾನು ಬೋಧಕೇತರರ ಪಟ್ಟಿಗೆ ಸೇರಿಸಿಕೊಂಡಿದ್ದೇನೆ. ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು 1916ರಲ್ಲಿ, ಅವರು ಅರ್ಥಶಾಸ್ತ್ರವನ್ನು ಅಚ್ಚಿಗೆ ತಂದದ್ದು 1909ರಲ್ಲಿ ಎಂದು ಯಾರಾದರೂ ಆಕ್ಷೇಪಿಸಿದರೆ, ಜ್ಯೇಷ್ಠತಾ ಪಟ್ಟಿಯಲ್ಲಿ ಪೂರ್ವಾನ್ವಯ ಎಂಬುದೊಂದು ಉಂಟು. ತಮಾಷೆಯೆಂದರೆ ಆ ಪುಸ್ತಕ ಲೆಕ್ಕದವರು ಬೊಕ್ಕಸದ ಹಣ ನುಂಗುವ ನಲವತ್ತು ಬಗೆ ಹೇಳುತ್ತದೆ. ನಮ್ಮವರೇ ನಮ್ಮ ಗುಟ್ಟು ಬಿಟ್ಟುಕೊಟ್ಟರು.

ಇನ್ನು ಹುಬ್ಬಿನ ಗಂಟು. ನನ್ನ ಬಡ್ತಿಯ ಕಡತ ಕಾಣೆಯಾಯಿತು. ಬಡ್ತಿಯ ಬಾಕಿ ಹಣದಲ್ಲಿ ಆಕೆಗೆ ಒಂದು ಜೊತೆ ಬಳೆ ಎಂದು ಮಾತಾಗಿತ್ತು. ನಾನು ಅರ್ಜಿ ಹಾಕಿದೆ. ಅಷ್ಟರಲ್ಲಿ ಆ ಮೇಜಿನ ವಿಷಯ ನಿರ್ವಾಹಕರು ವರ್ಗವಾಗಿ, ಅವರ ಜಾಗಕ್ಕೆ ನನ್ನನ್ನೇ ಹಾಕಿದರು. ಮೊದಲ ವಾರದ ಟಪಾಲಿನಲ್ಲಿ ನನ್ನ ಅರ್ಜಿ ಬಂತು. ನಂಬರು ಹಾಕಿಸಿದೆ, ಬೀರುಗಳನ್ನೆಲ್ಲ ತಡಕಿದೆ, 'ಸದರಿ ಕಡತ ಹುಡುಕಲಾಗಿ ಲಭ್ಯವಿರುವುದಿಲ್ಲ' ಎಂದು ಟಿಪ್ಪಣಿ ಬರೆದೆ. ಮೇಲಿನವರ ರುಜುವಾಗಿ ಬಂದ ಹಿಂಬರಹವನ್ನು ನಾನೇ ಹೊರಗಡೆ ವಹಿಯಲ್ಲಿ ದಾಖಲಿಸಿ, ನಾನೇ ಸ್ವೀಕರಿಸಿ ಸಹಿ ಮಾಡಿದೆ. ಆ ಸಂಜೆ ಮನೆಯಲ್ಲಿ ಇದನ್ನು ಹೇಳಿ ನಕ್ಕೆ. ನಕ್ಕವನು ನಾನೊಬ್ಬನೇ.

ಎರಡು ವರ್ಷದ ಮೇಲೆ ಕಡತ ಸಿಕ್ಕಿತು. ಆವರಣದ ಹುಣಿಸೆಮರಗಳ ಫಸಲು ಹರಾಜಿನ ಕಡತದೊಳಗೆ, ಒಂದೇ ದಾರಕ್ಕೆ ಸಿಕ್ಕಿಕೊಂಡು, ಎರಡು ಹರಾಜು ಮುಗಿಸಿತ್ತು. ಬಾಕಿಯೂ ಬಂತು. ಚಿನ್ನದ ಬೆಲೆ ಕಾದು ಕೂತಿರಲಿಲ್ಲ. ಒಂದು ಜೊತೆ ಬಳೆ ಒಂದು ಉಂಗುರವಾಯಿತು.

ಕೊನೆಗೂ ಬೀಜ ಹುರಿದು, ಸಿಪ್ಪೆ ಬಿಡಿಸಿ, ಪುಡಿಮಾಡಿ ಕುದಿಸಿದೆ. ಇದ್ದಿಲು ಇಸ್ತ್ರಿ ಗಾಡಿಯವನು ಕೊಟ್ಟ. ಹಳೇ ಪಂಚೆಯ ಒಂದು ಮೊಳಕ್ಕೆ ಬಳಿದು ತಾರಸಿಯಲ್ಲಿ ಎರಡು ದಿನ ಒಣಗಿಸಿದೆ. ಅಲ್ಲಲ್ಲಿ ಗಂಟು ನಿಂತರೂ ಬಳಪ ಹತ್ತಿತು. ಏನು ಬರೆಯಲಿ ಎಂದು ಯೋಚಿಸುವ ಮೊದಲೇ ಕೈ ಬರೆದುಬಿಟ್ಟಿತ್ತು: 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ'.

ಮೊಮ್ಮಗ ಬಗ್ಗಿ ಓದಿದ. "ಮೇಲೆ ಏನೂ ಇಲ್ವಲ್ಲ ತಾತ" ಅಂದವನೇ ಎಂಜಲು ಬೆರಳಿನಿಂದ ಉಜ್ಜಿ, ಅದೇ ಜಾಗದಲ್ಲಿ ಚೌಕಾಬಾರದ ಮನೆ ಗೀಚತೊಡಗಿದ.