ಬಂಜರಿನ ತೋಳ

ಪ್ರಾಥಮಿಕ ಶಾಲೆಯಲ್ಲಿ ನಾವೆಲ್ಲ ಓದಿದ 'ತೋಳ ಬಂತು ತೋಳ' ಕತೆಯಲ್ಲಿ ಸುಳ್ಳು ಹೇಳಿದ ಹುಡುಗನಿದ್ದಾನೆ, ಸಿಟ್ಟಾದ ಊರವರಿದ್ದಾರೆ, ಸತ್ತ ಕುರಿಗಳಿವೆ. ತೋಳ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ಮೇಷ್ಟ್ರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಆ ಪ್ರಶ್ನೆ ನನಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ, ಕೊಪ್ಪಳದ ಕಡೆಯ ಬಯಲಿನಲ್ಲಿ ಹಿರಿಯ ಕುರಿಗಾರರೊಬ್ಬರ ಜೊತೆ ಕೂತಿದ್ದಾಗ. ಹಿಂದಿನ ವಾರವಷ್ಟೇ ಅವರ ಎರಡು ಮರಿಗಳನ್ನು ತೋಳ ಹೊತ್ತೊಯ್ದಿತ್ತು. "ಸಿಟ್ಟು ಬರಲ್ವಾ ಅಜ್ಜಾ?" ಎಂದೆ.

"ಬರದ ಇರ್ತೈತೇನ್ರಿ? ಆದ್ರ ಅದಕ್ಕೂ ಮಕ್ಳು ಮರಿ ಅದಾವಲ್ರೀ. ಹಿಂಡಿನಾಗ ಅದರದೂ ಒಂದು ಪಾಲು ಐತಿ ಅಂತಿದ್ರು ನಮ್ಮ ಹಿರ್ಯಾರು."

ಪೇಟೆಯಲ್ಲಿ ಕೂತು ಈ ಮಾತನ್ನು ಮೆಚ್ಚುವುದು ಸುಲಭ. ಪಕ್ಕದಲ್ಲೇ ಇದ್ದ ಅವರ ಮೊಮ್ಮಗ ತಲೆ ಎತ್ತಲಿಲ್ಲ. ಕುರಿಯ ಮೇಲೆ ಸಾಲ ತೆಗೆದವನು ಅವನು.

ಹುಲಿಯ ವಿಷಯದಲ್ಲಿ ನಾವು ಸಾಕಷ್ಟು ಕಲಿತಿದ್ದೇವೆ. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ಬಂಡೀಪುರ ಮೊದಲ ಒಂಬತ್ತರಲ್ಲಿ ಒಂದು. 2022ರ ಎಣಿಕೆಯಲ್ಲಿ ರಾಜ್ಯದ ಹುಲಿಗಳು 563. ಹುಲಿ ಉಳಿಯಬೇಕಾದರೆ ಜಿಂಕೆ, ಕಡವೆ ಉಳಿಯಬೇಕು, ಅವಕ್ಕೆ ಕಾಡು ಬೇಕು ಎಂಬುದು ಈಗ ಎಲ್ಲರಿಗೂ ಗೊತ್ತು. ಬಯಲುಸೀಮೆಯಲ್ಲಿ ಹುಲಿಯ ಜಾಗದಲ್ಲಿ ನಿಂತಿರುವುದು ತೋಳ. ವನ್ಯಜೀವಿ ಕಾಯ್ದೆಯಲ್ಲಿ ಎರಡಕ್ಕೂ ಒಂದೇ ಅನುಸೂಚಿ. ದೇಶದಲ್ಲಿ ಉಳಿದಿರುವ ತೋಳಗಳು ಅಂದಾಜು ಮೂರು ಸಾವಿರ, ಹುಲಿಗಳಿಗಿಂತ ಕಡಿಮೆ. ಆದರೆ ಹುಲಿಯ ನೆಲವನ್ನು ಕಾಗದದಲ್ಲಿ ಅರಣ್ಯ ಎಂದು ಬರೆದಿದ್ದಾರೆ. ತೋಳದ ನೆಲವನ್ನು ಬಂಜರು, ಖರಾಬು ಎಂದು.

ಖರಾಬು ಎಂದು ಬರೆದ ಮೇಲೆ ಏನು ಮಾಡಿದರೂ ಅಭಿವೃದ್ಧಿಯೇ. ರಾಣೆಬೆನ್ನೂರನ್ನು ನೋಡಿ. ಕೃಷ್ಣಮೃಗಕ್ಕೆಂದು 1974ರಲ್ಲಿ ಅಭಯಾರಣ್ಯವಾದ ಆ 119 ಚದರ ಕಿಲೋಮೀಟರಿನ ಬಹುಭಾಗದಲ್ಲಿ ನೀಲಗಿರಿ ನೆಟ್ಟರು. ಹುಲ್ಲಿನಲ್ಲಿ ಬದುಕುವ ಪ್ರಾಣಿಗೆ ಮರದ ನೆರಳು! ಅಲ್ಲಿದ್ದ ಎರೆಭೂತ ಹಕ್ಕಿ ಈಗ ಇಲ್ಲ. ಮರ ನೆಡುವುದು ಎಲ್ಲ ಕಡೆಯೂ ಪುಣ್ಯದ ಕೆಲಸವಲ್ಲ ಎಂದರೆ ನಮ್ಮಲ್ಲಿ ಇವತ್ತಿಗೂ ವಿಚಿತ್ರವಾಗಿ ನೋಡುತ್ತಾರೆ.

ಹುಲ್ಲು ಹೋದ ಕಡೆ ಚಿಗರಿ ಹೋಗುತ್ತದೆ. ಚಿಗರಿ ಹೋದ ಮೇಲೆ ತೋಳ ಕುರಿಹಟ್ಟಿಗೆ ಬರುತ್ತದೆ. ಕತೆಯಲ್ಲಿ ಹೇಳದೆ ಬಿಟ್ಟದ್ದು ಬಹುಶಃ ಇದೇ. ಚಿಗರಿಯೂ ತೋಳವೂ ಒಟ್ಟಿಗಿರುವಲ್ಲಿ ತೋಳ ಮುದಿಯಾದದ್ದನ್ನು, ಕುಂಟುವುದನ್ನು ಆರಿಸುತ್ತದೆ, ಹಿಂಡನ್ನು ಒಂದೇ ಕಡೆ ನಿಂತು ಮೇಯಲು ಬಿಡುವುದಿಲ್ಲ. ಅದು ತಿಂದುಳಿದದ್ದು ಕತ್ತೆಕಿರುಬಕ್ಕೆ, ನರಿಗೆ. ಅಮೆರಿಕದ ಯೆಲ್ಲೊಸ್ಟೋನಿನಲ್ಲಿ 1995–96ರಲ್ಲಿ 31 ತೋಳಗಳನ್ನು ತಂದು ಬಿಟ್ಟ ಮೇಲೆ ನದಿಯೇ ದಿಕ್ಕು ಬದಲಿಸಿತು ಎಂಬ ವಿಡಿಯೋವನ್ನು ನೀವೂ ನೋಡಿರಬಹುದು. ಅದು ಅಷ್ಟು ಸರಳವಲ್ಲವೆಂದು ವಿಜ್ಞಾನಿಗಳು ಇನ್ನೂ ವಾದಿಸುತ್ತಿದ್ದಾರೆ. ತೋಳದಿಂದ ಅಂಥ ಪವಾಡ ನಿರೀಕ್ಷಿಸುವ ಅಗತ್ಯವೂ ನಮಗಿಲ್ಲ.

ತೋಳಕ್ಕೆಂದೇ ಕಾದಿಟ್ಟ ನೆಲ ನಮ್ಮಲ್ಲಿ ಎಷ್ಟಿದೆ? 1974ರ ಮೇಲುಕೋಟೆ ವನ್ಯಧಾಮ ಒಂದು. ಗಂಗಾವತಿ ತಾಲ್ಲೂಕಿನ ಬಂಕಾಪುರದ 332 ಎಕರೆ ಇನ್ನೊಂದು. ಸಂತೋಷವೇ. ಆದರೆ ತೋಳ ಒಂದು ರಾತ್ರಿಗೆ ಹತ್ತಾರು ಕಿಲೋಮೀಟರು ನಡೆಯುವ ಪ್ರಾಣಿ. 332 ಎಕರೆ ಅಂದರೆ ಒಂದೂವರೆ ಚದರ ಕಿಲೋಮೀಟರಿಗೂ ಕಡಿಮೆ. ಮರಿ ಹಾಕಲು ಜಾಗವಾದೀತು, ಬದುಕಲು ಸಾಲದು. ಹೊರಗೆ ಕಾಲಿಟ್ಟರೆ ಹೆದ್ದಾರಿ, ಕಲ್ಲು ಕ್ವಾರಿ, ಬೀದಿನಾಯಿ. ನಾಯಿಗಳಿಂದ ರೋಗ ಬರುವುದಷ್ಟೇ ಅಲ್ಲ, ಪುಣೆಯ ಬಳಿ ತೋಳ-ನಾಯಿ ಬೆರಕೆ ಆಗಿರುವುದು ತಳಿ ಪರೀಕ್ಷೆಯಲ್ಲೇ ಖಚಿತವಾಗಿದೆ.

ಹಾಗಾಗಿ ತೋಳ ಉಳಿಯುವುದು ಕುರಿಗಾರರ ಬಯಲಿನಲ್ಲೇ, ಅವರು ಒಪ್ಪಿದರೆ ಮಾತ್ರ. ಕುರಿ ಸತ್ತರೆ ಪರಿಹಾರ ಉಂಟು. ಅದಕ್ಕೆ ಕಳೇಬರ ಸಿಗಬೇಕು, ತೋಳವೇ ಕೊಂದದ್ದೆಂದು ಒಪ್ಪಿಸಬೇಕು, ಡಾಕ್ಟರು ಬರೆದುಕೊಡಬೇಕು. ಮರಿಯನ್ನು ತೋಳ ಹೊತ್ತುಕೊಂಡೇ ಹೋಗಿರುತ್ತದೆ, ತೋರಿಸಲು ಏನೂ ಇರುವುದಿಲ್ಲ. ಅರ್ಜಿ ಬರೆಸುವಷ್ಟರಲ್ಲಿ ಹಿಂಡು ಮೇವು ಹುಡುಕಿಕೊಂಡು ಮೂರು ಊರು ದಾಟಿರುತ್ತದೆ.